ಲಿಸ್ಬನ್ ನಗರದ ಮಹಾಭೂಕಂಪ: ವಿನಾಶ, ವೆಚ್ಚ ಮತ್ತು ಪುನರ್ನಿರ್ಮಾಣ

ದೇವಾಲಯಗಳ ಚರಿತ್ರೆಯನ್ನು ಸ್ಮರಿಸುವ ಸಂದರ್ಭದಲ್ಲಿ, ದೇವಾಲಯಗಳೊಡನೆ ಇಡೀ ನಗರವೇ ನೆಲಕ್ಕೊರಗಿ ಮರಳಿ ಎದ್ದುನಿಂತ ವೃತ್ತಾಂತವನ್ನು ಅರಿಯುವುದು ಉಚಿತವೇ ಆಗಿದೆ.

1755ನೆಯ ನವೆಂಬರ್ 1ರಂದು ಸಕಲ ಸಂತರ ಮಹೋತ್ಸವ. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನ ದೇವಾಲಯಗಳಲ್ಲಿ ಭಕ್ತಾದಿಗಳು ಬಲಿಪೂಜೆಗಾಗಿ ನೆರೆದಿದ್ದರು. ಬೆಳಿಗ್ಗೆ ಸುಮಾರು ಒಂಬತ್ತೂವರೆಯ ಬಳಿಕ ಭೂಮಿ ಕಂಪಿಸಿತು. ನದೀತೀರಕ್ಕೆ ಓಡಿದವರ ಮೇಲೆ ಸಮುದ್ರದ ಹೆದ್ದೆರೆಗಳು ಎರಗಿದವು. ಹಬ್ಬಕ್ಕೆಂದು ಹಚ್ಚಿದ್ದ ದೀಪಗಳಿಂದಲೂ ಮನೆಗಳ ಒಲೆಗಳಿಂದಲೂ ಹೊತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಅರಮನೆ, ಸಕಲ ಸಂತರ ಆಸ್ಪತ್ರೆ, ಧರ್ಮಕೇಂದ್ರಗಳ ಬಹುಪಾಲು ದೇವಾಲಯಗಳು ನಾಶವಾದವು. ಮಡಿದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಏಕಾಭಿಪ್ರಾಯವಿಲ್ಲ; ಅದು ಹತ್ತಾರು ಸಾವಿರವೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ದೊರೆ ಒಂದನೆಯ ಜೋಸೆಫನ ಮಂತ್ರಿ, ಮುಂದೆ ಪೊಂಬಾಲನೆಂದು ಪ್ರಸಿದ್ಧನಾದ ಕರ್ವಾಲ್ಯೊ, ಆಡಳಿತದ ಹೊಣೆ ಹೊತ್ತನು. ರೋಗ ಹರಡದಂತೆ ಧರ್ಮಾಧ್ಯಕ್ಷರ ಸಮ್ಮತಿ ಪಡೆದು ಶವಗಳನ್ನು ದೋಣಿಗಳಲ್ಲಿ ಸಾಗಿಸಿ ಕಡಲಿಗೆ ಒಪ್ಪಿಸಲಾಯಿತು. ಆಹಾರದ ಬೆಲೆಗಳೂ ಬಾಡಿಗೆಗಳೂ ಏರದಂತೆ ಆಜ್ಞೆಗಳು ಹೊರಟವು.

ಆದರೆ ನಗರವನ್ನು ಕಟ್ಟಲು ಹಣವೆಲ್ಲಿಂದ? ಇಂಗ್ಲೆಂಡಿನ ಸಂಸತ್ತು ಒಂದು ಲಕ್ಷ ಪೌಂಡು ಮಂಜೂರು ಮಾಡಿ ನಾಣ್ಯ, ಧಾನ್ಯ, ಹಾರೆ-ಗುದ್ದಲಿಗಳ ರೂಪದಲ್ಲಿ ಕಳುಹಿಸಿತು. ಅಷ್ಟರಿಂದ ರಾಜಧಾನಿ ಏಳುವಂತಿರಲಿಲ್ಲ. ಲಿಸ್ಬನ್ನಿನ ವರ್ತಕರು ಆಮದು ಸರಕುಗಳ ಮೇಲೆ ನೂರಕ್ಕೆ ನಾಲ್ಕರಷ್ಟು ಹಣವನ್ನು 'ಕಾಣಿಕೆ'ಯಾಗಿ ಕೊಡಲು ಮುಂದೆ ಬಂದರು. ಹೆಸರಿಗೆ ಕಾಣಿಕೆಯಾದರೂ ಅದು ಸುಂಕವೇ ಆಗಿತ್ತು. ಅದರ ಭಾರ ಕೊನೆಗೆ ಕೊಳ್ಳುವವರ ಮೇಲೂ ಬಿದ್ದಿತೆಂಬುದನ್ನು ಮರೆಯಲಾಗದು. ಆದರೂ ಒಮ್ಮೆಗೆ ಬತ್ತಿಹೋಗುವ ದಾನಕ್ಕಿಂತ ವರ್ಷವರ್ಷವೂ ಬರುವ ಈ ಆದಾಯವೇ ದೀರ್ಘ ಕಾರ್ಯಕ್ಕೆ ಆಧಾರವಾಯಿತು.

ಹಳೆಯ ನಗರವನ್ನು ಇದ್ದಂತೆಯೇ ಕಟ್ಟುವುದೋ, ಬೇರೆಡೆಗೆ ಒಯ್ಯುವುದೋ ಎಂಬ ಹಲವು ಮಾರ್ಗಗಳನ್ನು ವೃದ್ಧ ಎಂಜಿನಿಯರ್ ಮಾನುಯೆಲ್ ದ ಮಾಯಾ ದೊರೆಯ ಮುಂದಿಟ್ಟರು. ತಗ್ಗುಪ್ರದೇಶವನ್ನು ಸಮಗೊಳಿಸಿ ಅಗಲವಾದ ನೇರ ಬೀದಿಗಳನ್ನು ನಿರ್ಮಿಸುವುದೆಂದು ತೀರ್ಮಾನವಾಯಿತು. ಗೋಡೆಗಳೊಳಗೆ ಓರೆಪಟ್ಟಿಗಳುಳ್ಳ ಮರದ ಪಂಜರವನ್ನು ಅಳವಡಿಸಲಾಯಿತು; ಭೂಮಿ ಅದುರಿದಾಗ ಕಲ್ಲು ಕಳಚಿದರೂ ಮನೆ ನಿಲ್ಲಬೇಕೆಂಬುದೇ ಅದರ ಉದ್ದೇಶ. 1758ರ ಮೇ 12ರ ಶಾಸನವು ನಿವೇಶನದ ಒಡೆಯರಿಗೆ ಐದು ವರ್ಷಗಳ ಗಡುವು ವಿಧಿಸಿತು. ಕಟ್ಟಲಾರದವರು ನಿವೇಶನವನ್ನು ಬಿಟ್ಟುಕೊಡಬೇಕಾಯಿತು. ಬಡ ಒಡೆಯರಿಗೆ ಇದು ಕಠಿಣವಾಗಿತ್ತೆಂಬುದು ಸ್ಪಷ್ಟ.

ವಿನಾಶದ ಕಾರಣದ ಬಗೆಗೂ ವಿವಾದವೆದ್ದಿತು. ಯೇಸುಸಭೆಯ ವೃದ್ಧ ಗುರು ಮಲಗ್ರೀಡಾ ಇದು ಪಾಪಗಳಿಗೆ ದೈವದಂಡನೆಯೆಂದೂ ಪಶ್ಚಾತ್ತಾಪವೇ ಮೊದಲ ಕರ್ತವ್ಯವೆಂದೂ 1756ರಲ್ಲಿ ಬರೆದರು. ಮಂತ್ರಿಯ ವೈರಕ್ಕೆ ಗುರಿಯಾದ ಅವರು 1761ರಲ್ಲಿ ಮರಣದಂಡನೆಗೆ ಒಳಗಾದರು. ನಗರ ಕಟ್ಟಿದ ಕೈಯೇ ಈ ಕ್ರೌರ್ಯವನ್ನೂ ಎಸಗಿತೆಂಬುದನ್ನು ಚರಿತ್ರೆ ಮರೆಮಾಚಲಾರದು.

ಧರ್ಮಕೇಂದ್ರದವರಾದ ನಾವು ವಿಶೇಷವಾಗಿ ಗಮನಿಸಬೇಕಾದುದು ಮತ್ತೊಂದಿದೆ. 1756ರಲ್ಲಿ ಸರ್ಕಾರವು ವಿಚಾರಣಾ ಗುರುಗಳಿಗೆ ಪ್ರಶ್ನಾವಳಿಯನ್ನು ಕಳುಹಿಸಿತು. ಕಂಪನ ಎಷ್ಟು ಹೊತ್ತು ಇತ್ತು, ಸತ್ತವರೆಷ್ಟು, ಬಿದ್ದ ಮನೆಗಳೆಷ್ಟು, ಕಡಲು ಏರಿತೋ ಇಳಿಯಿತೋ ಎಂದು ಅದು ಕೇಳಿತ್ತು. ಗುರುಗಳು ತಾವು ಕಂಡುದನ್ನೂ ಜನರಿಂದ ಕೇಳಿದುದನ್ನೂ ಬರೆದು ಕಳುಹಿಸಿದರು. ಆ ಉತ್ತರಗಳಲ್ಲಿ ಅನೇಕವು ಲಿಸ್ಬನ್ನಿನ ಪತ್ರಾಗಾರದಲ್ಲಿ ಉಳಿದಿದ್ದು, ಭೂಕಂಪಶಾಸ್ತ್ರಜ್ಞರಿಗೆ ಇಂದಿಗೂ ಆಧಾರವಾಗಿವೆ. ಆದುದರಿಂದ ನಮ್ಮ ದೇವಾಲಯಗಳ ದಾಖಲೆಗಳನ್ನು ಶ್ರದ್ಧೆಯಿಂದ ಬರೆದು, ಜೋಪಾನವಾಗಿ ಕಾಯ್ದಿರಿಸುವುದು ಮುಂಬರುವ ಪೀಳಿಗೆಗೆ ನಾವು ಸಲ್ಲಿಸಬೇಕಾದ ಋಣವಾಗಿದೆ.