ಪಂಜುರ್ಲಿಯ ಮುಗ: ನಿರ್ಮಾಣವೂ ಸ್ವಾಮ್ಯವೂ

ಭರತನ ನಾಟ್ಯಶಾಸ್ತ್ರದ ಆಹಾರ್ಯಾಭಿನಯಪ್ರಕರಣದಲ್ಲಿ ಮುಖವಾಡಕ್ಕೆ ಪ್ರತಿಶೀರ್ಷವೆಂದು ಹೆಸರು. ಬಟ್ಟೆಗೆ ಬಿಲ್ವದ ಕಲ್ಕವನ್ನು ಬಳಿದು, ಬಿಸಿಲಿನಲ್ಲಿಯೋ ಬೆಂಕಿಯ ಕಾವಿನಲ್ಲಿಯೋ ಒಣಗಿಸಿ, ಹರಿತವಾದ ಆಯುಧದಿಂದ ರಂಧ್ರಗಳನ್ನು ಕೊರೆಯಬೇಕೆಂದು ಅಲ್ಲಿ ವಿಧಿಸಿದೆ. ರಂಗಕ್ಕೆ ಮೃಗಪಕ್ಷಿಸರ್ಪಗಳು ಬರುವ ವಿಷಯವನ್ನು ಸಜೀವವೆಂಬ ಬೇರೊಂದು ವಿಭಾಗದಲ್ಲಿ ಹೇಳಿದೆ. ಇಷ್ಟನ್ನೇ ಆಧಾರವಾಗಿಟ್ಟುಕೊಂಡು ತುಳುನಾಡಿನ ಭೂತಾರಾಧನೆಯ ಮೃಗಮುಖವಾಡಗಳನ್ನು ಪ್ರತಿಶೀರ್ಷದ ಸಂತತಿಯೆಂದು ಎಣಿಸುವುದು ಸುಲಭ, ಆದರೆ ಯುಕ್ತವಲ್ಲ. ನಾಟಕವು ಮುಗಿದೊಡನೆ ಪ್ರತಿಶೀರ್ಷವು ರಂಗದ ಉಪಕರಣಗಳಲ್ಲೊಂದಾಗಿ ಉಳಿಯುವುದು. ತುಳುವರು ಮುಗವೆಂದು ಕರೆವ ಮುಖವಾಡವಾದರೋ ನೇಮವು ಮುಗಿದ ಮೇಲೆಯೂ ದೈವದ ಭಂಡಾರವಾಗಿಯೇ ಇರುವುದು.

ಈ ಮುಗಗಳಲ್ಲಿ ಪಂಜುರ್ಲಿಯದು ಪ್ರಸಿದ್ಧವಾದುದು. ತುಳುವಿನಲ್ಲಿ ಪಂಜಿಯೆಂದರೆ ಹಂದಿ. ಪಾರ್ವತಿಯು ಸಾಕಿದ ಹಂದಿಮರಿಯು ಶಿವನ ಉದ್ಯಾನವನ್ನು ಹಾಳುಮಾಡಿ, ಆತನ ಕೋಪಕ್ಕೆ ಗುರಿಯಾಗಿ, ಕಡೆಗೆ ಭೂಲೋಕದ ಬೆಳೆಗಳನ್ನು ಕಾಯುವ ದೈವವಾಗಿ ಇಳಿದುಬಂದಿತೆಂದು ಪಾಡ್ದನಗಳು ಹೇಳುವುವು. ಗದ್ದೆಯನ್ನು ಅಗೆದು ಕೆಡಿಸುವ ಪ್ರಾಣಿಗೇ ಗದ್ದೆಯ ಕಾವಲನ್ನು ಒಪ್ಪಿಸಿದ ಈ ಕೃಷಿಕಬುದ್ಧಿಯು ಪುರಾಣದ ವರಾಹಾವತಾರದಿಂದ ಬಂದುದಲ್ಲವೆಂದೇ ತೋರುವುದು.

ಮುಗವನ್ನು ಮರದಲ್ಲಿ ಕೆತ್ತುವುದುಂಟು, ಅಡಕೆಯ ಹಾಳೆಯಲ್ಲಿ ಮಾಡಿ ಬಣ್ಣ ಹಾಕುವುದುಂಟು. ಕಂಚು ಹಿತ್ತಾಳೆಗಳಲ್ಲಿ ಎರಕ ಹೊಯ್ಯುವುದೂ ಉಂಟು. ಎರಕದ ವಿದ್ಯೆಗೆ ಕರ್ಣಾಟಕದಲ್ಲಿಯೇ ಶಾಸ್ತ್ರಾಧಾರವಿದೆ. 12ನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮೇಣದ ಪ್ರತಿಮೆಗೆ ನುಣ್ಣನೆಯ ಮಣ್ಣನ್ನು ಮೊದಲು ತೆಳುವಾಗಿ ಬಳಿದು, ಒಣಗಿದ ಮೇಲೆ ಮತ್ತೊಮ್ಮೆ, ಕಡೆಗೆ ದಪ್ಪವಾಗಿ, ಹೀಗೆ ಮೂರು ಸಲ ಲೇಪಿಸಬೇಕೆಂದಿರುವನು. ಮೇಣವನ್ನು ಮೊದಲೇ ತೂಗಿಟ್ಟುಕೊಂಡು ಅದಕ್ಕೆ ತಕ್ಕಷ್ಟು ಲೋಹವನ್ನು ತೆಗೆದುಕೊಳ್ಳುವ ಲೆಕ್ಕವೂ ಅಲ್ಲಿದೆ. ಮೇಣವು ಕರಗಿ ಹರಿದುಹೋದ ತೆರವಿಗೆ ಲೋಹವನ್ನು ಹೊಯ್ದು, ತಣಿದ ಮೇಲೆ ಅಚ್ಚನ್ನು ಒಡೆಯುವರು. ಆದುದರಿಂದ ಈ ಕ್ರಮದಲ್ಲಿ ಎರೆದ ಒಂದು ಮುಗವು ಮತ್ತೊಂದರಂತೆ ಇರಲಾರದು. ಸೋಮೇಶ್ವರನು ಹೇಳುವುದು ದೇವಪ್ರತಿಮೆಗಳ ವಿಷಯ, ಭೂತದ ಮುಗಗಳದಲ್ಲ, ನಿಜ. ಕೈಕೆಲಸದ ಕ್ರಮವು ಮಾತ್ರ ಒಂದೇ.

ಸ್ವಾಮ್ಯದ ವಿಚಾರವು ಇದಕ್ಕಿಂತಲೂ ಗಹನವಾದುದು. ಮುಗವನ್ನು ಮಾಡುವವನು ಶಿಲ್ಪಿ, ಅದು ಅವನದಲ್ಲ. ಇರಿಸಿಕೊಳ್ಳುವುದು ಭಂಡಾರದ ಮನೆ, ಬಹುಶಃ ಊರಿನ ಗುತ್ತಿನವರದು. ಅವರು ಅದನ್ನು ಧರಿಸುವವರಲ್ಲ. ಧರಿಸುವವರು ನಲಿಕೆ, ಪರವ, ಪಂಬದ ಜನಾಂಗದವರು. ನೇಮದ ದಿನ ಭಂಡಾರವು ವಾದ್ಯಗಳೊಡನೆ ಸ್ಥಾನಕ್ಕೆ ಬರುವುದು. ಮುಖಕ್ಕೆ ಅರದಾಳವನ್ನು ಬಳಿದುಕೊಂಡ ನರ್ತಕನು ಮುಗವನ್ನು ಧರಿಸಿ ದೈವವಾಗಿ ನಿಂತು ಊರವರ ವ್ಯಾಜ್ಯಗಳಿಗೆ ನುಡಿ ಕೊಡುವನು. ಹೀಗೆ ಒಂದೇ ಮುಗವು ಊರಿನ ಹಲವು ಕುಲಗಳನ್ನು ಒಂದು ಅಂಗಳಕ್ಕೆ ತರುವುದು. ಆದರೆ ಇದನ್ನು ಸಮಾನವಾದ ಹಂಚಿಕೆಯೆಂದು ಹೊಗಳುವವರು ಬೆಳಗಾದ ಮೇಲಣ ಸ್ಥಿತಿಯನ್ನೂ ನೋಡತಕ್ಕದ್ದು. ಇರುಳೆಲ್ಲ ಗುತ್ತಿನ ಯಜಮಾನನಿಗೆ ಅಭಯವಿತ್ತವನು ಹಳೆಯ ಕಟ್ಟಳೆಯಂತೆ ಮರುದಿನ ಆ ಮನೆಯ ಹೊರಗೇ ನಿಲ್ಲಬೇಕಾಗಿದ್ದಿತು. ಮುಗವು ಒಳಗೆ ಹೋಗುತ್ತಿದ್ದಿತು, ಅದನ್ನು ಧರಿಸಿದವನು ಹೋಗುವಂತಿರಲಿಲ್ಲ.

ಪಾಡ್ದನಗಳಿಗೆ ಮುದ್ರಣಭಾಗ್ಯವು ಬೇಗನೆ ಒದಗಿತು. ಮಂಗಳೂರಿನಲ್ಲಿ ಮ್ಯಾನರನ ಸಂಗ್ರಹವು 1886ರಲ್ಲಿಯೂ, ಬರ್ನೆಲನ ಭೂತಾರಾಧನೆಯ ಲೇಖನಗಳು ಅವನು ತೀರಿಕೊಂಡ ಬಳಿಕ 1894ರಿಂದ 1897ರ ವರೆಗೆ ಇಂಡಿಯನ್ ಆಂಟಿಕ್ವರಿಯಲ್ಲಿಯೂ ಪ್ರಕಟವಾದುವು. ಹಾಡನ್ನು ಬರೆದುಕೊಂಡರೆ ಊರಿಗೆ ನಷ್ಟವಿಲ್ಲ. ಮುಗವನ್ನು ಒಯ್ದರೆ ಭಂಡಾರವೇ ಬರಿದಾಗುವುದು. ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಾಲಯದ ಹಳೆಯ ಮರದ ಭೂತಪ್ರತಿಮೆಗಳು ಈಗ ಹೊಸದಿಲ್ಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳಿಗೆ ಊರಿನ ಹೆಸರಾದರೂ ಉಳಿದಿದೆ. ಪರದೇಶಗಳ ಸಂಗ್ರಹಗಳಿಗೆ ಸೇರಿದ ಲೋಹಮುಗಗಳೂ ಉಂಟು. ಫಲಕದ ಮೇಲೆ ಪ್ರಾಂತದ ಹೆಸರೂ ಅಂದಾಜಿನ ಶತಮಾನವೂ ಮಾತ್ರ ಇದ್ದರೆ, ಅದು ಯಾವ ಸ್ಥಾನದ್ದು, ಯಾವ ಮನೆಯ ಭಂಡಾರದಲ್ಲಿದ್ದಿತು, ಯಾವ ಮನೆತನದವರು ಅದನ್ನು ಧರಿಸುತ್ತಿದ್ದರು ಎಂಬುದನ್ನು ತಿಳಿಯುವ ಬಗೆಯಿಲ್ಲ. ಈ ಮೂರನ್ನೂ ಇನ್ನೂ ಭಂಡಾರಗಳಲ್ಲಿಯೇ ಇರುವ ಮುಗಗಳ ವಿಷಯದಲ್ಲಿ, ಧರಿಸುವವರ ಬಾಯಿಂದಲೇ ಕೇಳಿ, ಮೊದಲು ಬರೆದಿಡಬೇಕಾಗಿದೆ.