ಪ್ರಯಾನ್ ಮಿದುಳು ರೋಗಗಳ ಪತ್ತೆ: ಸಾರ್ವಜನಿಕರಿಗೆ ಮಾಹಿತಿ

1. ರೋಗದ ಸ್ವರೂಪ
ಪ್ರಯಾನ್ ಎಂಬುದು ಬ್ಯಾಕ್ಟೀರಿಯಾ ಅಥವಾ ವೈರಾಣು ಅಲ್ಲ. ದೇಹದಲ್ಲಿ ಸಹಜವಾಗಿರುವ ಒಂದು ಪ್ರೋಟೀನು ವಿಕೃತ ಆಕಾರ ತಳೆದು, ಇತರ ಸಹಜ ಪ್ರೋಟೀನುಗಳನ್ನೂ ಹಾಗೆಯೇ ಮಾರ್ಪಡಿಸುತ್ತದೆ. ಇದರಿಂದ ಮಿದುಳು ಸ್ಪಂಜಿನಂತೆ ರಂಧ್ರಮಯವಾಗುತ್ತದೆ. ದನಗಳಲ್ಲಿ ಹುಚ್ಚುಹಸು ರೋಗ (ಬಿ.ಎಸ್.ಇ.), ಕುರಿ-ಮೇಕೆಗಳಲ್ಲಿ ಸ್ಕ್ರೇಪಿ ಹಾಗೂ ಮನುಷ್ಯರಲ್ಲಿ ಕ್ರಾಯಿಟ್ಸ್‌ಫೆಲ್ಟ್-ಯಾಕೋಬ್ ರೋಗ (ಸಿ.ಜೆ.ಡಿ.) ಈ ಗುಂಪಿಗೆ ಸೇರಿವೆ. ದೇಹವು ಪ್ರಯಾನ್ ವಿರುದ್ಧ ಪ್ರತಿಕಾಯಗಳನ್ನು ಉತ್ಪಾದಿಸದ ಕಾರಣ, ಸಾಮಾನ್ಯ ರಕ್ತ ಪರೀಕ್ಷೆಯಿಂದ ಇವು ಪತ್ತೆಯಾಗುವುದಿಲ್ಲ.

2. ಪ್ರಾಣಿಗಳಲ್ಲಿ ಪತ್ತೆ
ಹುಚ್ಚುಹಸು ರೋಗವನ್ನು 1986ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಗುರುತಿಸಲಾಯಿತು. ಬೆದರುವಿಕೆ, ತೂರಾಡುವ ನಡಿಗೆ, ಹಾಲು ಇಳಿಮುಖವಾಗುವುದು ಇದರ ಲಕ್ಷಣಗಳು. ಜಾನುವಾರು ಸತ್ತ ನಂತರ ಮಿದುಳಿನ ಕಾಂಡದ ಮಾದರಿಯನ್ನು ಎಲೈಸಾ, ವೆಸ್ಟರ್ನ್ ಬ್ಲಾಟ್ ಮುಂತಾದ ವಿಧಾನಗಳಿಂದ ಪರೀಕ್ಷಿಸಿ ರೋಗವನ್ನು ದೃಢಪಡಿಸಲಾಗುತ್ತದೆ. ಭಾರತವು ಈ ರೋಗದ ಅತ್ಯಲ್ಪ ಅಪಾಯವಿರುವ ದೇಶವೆಂದು 2010ರಲ್ಲಿ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದಿದೆ.

ರೇಬಿಸ್ ರೋಗದಲ್ಲಿಯೂ ಇಂತಹುದೇ ಲಕ್ಷಣಗಳು ಕಂಡುಬರುತ್ತವೆ. ಆದುದರಿಂದ ಇಂತಹ ಜಾನುವಾರಿನ ಬಾಯಿಗೆ ಬರಿಗೈ ಹಾಕಬಾರದು, ಸತ್ತಲ್ಲಿ ತಲೆಯನ್ನು ತಾವೇ ಕತ್ತರಿಸಬಾರದು. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಅಧಿನಿಯಮದ ಅನುಸೂಚಿಯಲ್ಲಿರುವ ರೋಗದ ಶಂಕೆ ಉಂಟಾದಲ್ಲಿ, ಮಾಲೀಕರು ಗ್ರಾಮಾಧಿಕಾರಿ ಅಥವಾ ಗ್ರಾಮ ಪಂಚಾಯತಿಗೆ ವರದಿ ಮಾಡತಕ್ಕದ್ದು.

3. ಮನುಷ್ಯರಲ್ಲಿ ಪತ್ತೆ
ಸಿ.ಜೆ.ಡಿ. ಅತಿ ವಿರಳ, ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು 1ರಿಂದ 2 ಮಂದಿಗೆ ಬರುತ್ತದೆ. ಬಹುಪಾಲು ಪ್ರಕರಣಗಳಿಗೆ ತಿಳಿದ ಕಾರಣವಿರುವುದಿಲ್ಲ. ಕೆಲವು ವಂಶಪಾರಂಪರ್ಯವಾಗಿ ಬರುತ್ತವೆ. ವಾರ ಅಥವಾ ತಿಂಗಳುಗಳಲ್ಲಿಯೇ ಉಲ್ಬಣಿಸುವ ಮರೆವು, ನಡಿಗೆಯಲ್ಲಿ ತೊಡಕು ಮತ್ತು ಸ್ನಾಯುಗಳ ಹಠಾತ್ ಅದುರುವಿಕೆ ಮುಖ್ಯ ಲಕ್ಷಣಗಳು. ನರರೋಗ ತಜ್ಞರು ಕೆಳಕಂಡ ಪರೀಕ್ಷೆಗಳನ್ನು ಸೂಚಿಸಬಹುದು:
(ಅ) ಮಿದುಳಿನ ಎಂ.ಆರ್.ಐ.
(ಆ) ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ (ಇ.ಇ.ಜಿ.)
(ಇ) ಬೆನ್ನುಹುರಿ ದ್ರವದ ಪರೀಕ್ಷೆ. ಇದರಲ್ಲಿ ವಿಕೃತ ಪ್ರೋಟೀನನ್ನೇ ಗುರುತಿಸುವ ಆರ್.ಟಿ.-ಕ್ವಿಕ್ ವಿಧಾನವು ಹೆಚ್ಚು ವಿಶ್ವಾಸಾರ್ಹ.
(ಈ) ವಂಶಪಾರಂಪರ್ಯದ ಶಂಕೆಯಿದ್ದಲ್ಲಿ ಜೀನ್ ಪರೀಕ್ಷೆ.

ಇವುಗಳಿಂದ ರೋಗದ ಸಂಭವವನ್ನು ಮಾತ್ರ ನಿರ್ಧರಿಸಲಾಗುತ್ತದೆ. ಅಂತಿಮ ದೃಢೀಕರಣಕ್ಕೆ ಮಿದುಳಿನ ಅಂಗಾಂಶದ ಪರೀಕ್ಷೆ ಅವಶ್ಯ. ಇದನ್ನು ಸಾಮಾನ್ಯವಾಗಿ ಮರಣಾನಂತರ, ಕುಟುಂಬದವರ ಒಪ್ಪಿಗೆ ಪಡೆದು ನಡೆಸಲಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಲ್ಲಿ ಮಾನವ ಮಿದುಳು ಬ್ಯಾಂಕ್ ಸ್ಥಾಪನೆಯಾಗಿದ್ದು, ಮಿದುಳು ದಾನವನ್ನು ಸ್ವೀಕರಿಸಲಾಗುತ್ತದೆ.

4. ಶೀಘ್ರ ತಪಾಸಣೆ ಏಕೆ?
ಸಿ.ಜೆ.ಡಿ.ಯನ್ನು ಗುಣಪಡಿಸುವ ಔಷಧ ಇರುವುದಿಲ್ಲ. ಆದಾಗ್ಯೂ, ರೋಗನಿರೋಧಕ ವ್ಯವಸ್ಥೆಯೇ ಮಿದುಳಿನ ಮೇಲೆ ಎರಗುವ ಮಿದುಳಿನ ಉರಿಯೂತ, ಕೆಲವು ಸೋಂಕುಗಳು ಹಾಗೂ ಬಿ12 ಜೀವಸತ್ವದ ಕೊರತೆಯಲ್ಲಿಯೂ ಇದೇ ಬಗೆಯ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಇವುಗಳಿಗೆ ಚಿಕಿತ್ಸೆ ಉಂಟು. ವಿಳಂಬವಾದಷ್ಟೂ ಹಾನಿ ಹೆಚ್ಚು. ಆದುದರಿಂದ ಮರೆವು ವೇಗವಾಗಿ ಹೆಚ್ಚುತ್ತಿದ್ದಲ್ಲಿ ವಯೋಸಹಜವೆಂದು ಭಾವಿಸದೆ ತಡಮಾಡದೆ ತಜ್ಞರನ್ನು ಕಾಣತಕ್ಕದ್ದು.

5. ವಿಶೇಷ ಸೂಚನೆ
ಸಿ.ಜೆ.ಡಿ. ರೋಗಿಯನ್ನು ಮುಟ್ಟುವುದರಿಂದ, ಊಟ ಮಾಡಿಸುವುದರಿಂದ ಅಥವಾ ಜೊತೆಯಲ್ಲಿ ವಾಸಿಸುವುದರಿಂದ ರೋಗ ಹರಡುವುದಿಲ್ಲ. ರೋಗಿಯನ್ನು ದೂರವಿಡಬಾರದೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ. ಪ್ರಯಾನ್‌ಗಳು ಸಾಮಾನ್ಯ ಕ್ರಿಮಿನಾಶನದಿಂದ ನಾಶವಾಗದ ಕಾರಣ, ಶಸ್ತ್ರಚಿಕಿತ್ಸೆ ಅಥವಾ ಅಂಗದಾನಕ್ಕೆ ಮುನ್ನ ಈ ರೋಗದ ಶಂಕೆಯನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು.