ಕಾರು ಹೇಳದ ಕಾಲ: ನಿಜಾಮ ಸೀಮೆಯ ಗ್ಯಾರೇಜು, ಪೆಟ್ರೋಲ್ ಪಂಪಿನ ಹಳೇ ಫೋಟೋಗಳು

ಹಳೇ ಗ್ಯಾರೇಜಿನದೋ ಪೆಟ್ರೋಲ್ ಪಂಪಿನದೋ ಫೋಟೋ ಕೈಗೆ ಬಂದರೆ ನಮ್ಮ ಕಣ್ಣು ಮೊದಲು ಹೋಗುವುದು ಕಾರಿನ ಮೇಲೆ. ಯಾವ ಕಂಪನಿ, ಯಾವ ಮಾಡೆಲ್ ಎಂದು ಗುರುತಿಸಿ, ಆ ಮಾಡೆಲ್ ಬಂದ ವರ್ಷವನ್ನೇ ಫೋಟೋದ ವರ್ಷವೆಂದು ಅಡಿಬರಹ ಕೊಟ್ಟುಬಿಡುತ್ತೇವೆ. ಅಮೆರಿಕದ ಫೋಟೋಗಳಿಗೆ ಈ ಲೆಕ್ಕ ಅಷ್ಟಾಗಿ ತಪ್ಪುವುದಿಲ್ಲ. ಅಲ್ಲಿ ವರ್ಷವರ್ಷವೂ ಮಾಡೆಲ್ ಬದಲಾಗುತ್ತಿತ್ತು, ಹಳೆಯದು ಬೇಗ ಗುಜರಿ ಸೇರುತ್ತಿತ್ತು. ನಮ್ಮಲ್ಲಿ ಹಾಗಲ್ಲ. 1950ರ ದಶಕದ ಕೊನೆಗೆ ರಸ್ತೆಗಿಳಿದ ಅಂಬಾಸಿಡರ್ 2014ರವರೆಗೂ ತಯಾರಾಗುತ್ತಲೇ ಇತ್ತು. ಗ್ರಿಲ್ಲು, ದೀಪ ಬದಲಾದವೇ ಹೊರತು ಮೈಕಟ್ಟು ಬಹುಪಾಲು ಅದೇ. ವಿದೇಶಿ ಕಾರುಗಳಂತೂ ಕೈಯಿಂದ ಕೈಗೆ ದಾಟುತ್ತ ದಶಕಗಟ್ಟಲೆ ಓಡಿದವು. ಹೀಗಾಗಿ ಕಾರು ಹೇಳುವುದು ‘ಇದಕ್ಕಿಂತ ಮುಂಚಿನ ಫೋಟೋ ಅಲ್ಲ’ ಎಂಬಷ್ಟನ್ನು ಮಾತ್ರ. ಚಿತ್ರದಲ್ಲಿ ಯಾವುದಕ್ಕೆ ಆಯುಷ್ಯ ಕಡಿಮೆಯೋ ಅದೇ ಗಟ್ಟಿ ಸಾಕ್ಷಿ ಎಂಬುದು ನನ್ನ ವಾದ. ಕಾರಿಗಿಂತ ತಗಡಿನ ಬೋರ್ಡು, ಬೋರ್ಡಿಗಿಂತ ಗೋಡೆಬರಹ, ಅದಕ್ಕಿಂತಲೂ ಸೀಮೆಸುಣ್ಣದಲ್ಲಿ ಬರೆದ ದರ.

ಇದನ್ನು ಮಣಿಕೊಂಡದ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಗೋಲ್ಕೊಂಡದ ಪಶ್ಚಿಮಕ್ಕಿರುವ ಈ ಊರು ಕಂದಾಯ ಕಡತಗಳಲ್ಲಿ ಮಣಿಕೊಂಡ ಜಾಗೀರ್, ಮಣಿಕೊಂಡ ಖಾಲ್ಸಾ ಎಂದು ಎರಡು ಹೆಸರಿನಲ್ಲಿದೆ. ನಿಜಾಮರ ಕಾಲದ ಭೂಹಿಡುವಳಿಯ ಗುರುತು ಅದು. 1998ರಲ್ಲಿ ಮಾದಾಪುರದ ಸೈಬರ್ ಟವರ್ಸ್ ತೆರೆದ ಮೇಲೆ ಸುತ್ತಲಿನ ಹಳ್ಳಿಗಳೆಲ್ಲ ಅಪಾರ್ಟ್‌ಮೆಂಟುಗಳಾದವು, ಬೀದರ್, ಕಲಬುರಗಿ, ರಾಯಚೂರು ಕಡೆಯ ಮನೆತನಗಳೂ ಇತ್ತ ಬಂದು ನೆಲೆಸಿದವು. ನಿಜಾಮರ ಆಳ್ವಿಕೆಯಲ್ಲಿ ಬಾಳಿದ ಅವರ ಅಜ್ಜಂದಿರಿಗೆ ಹೈದರಾಬಾದು ಪರರಾಜ್ಯವಲ್ಲ, ರಾಜಧಾನಿ. ಇಲ್ಲಿಂದ ಬೊಂಬಾಯಿಗೆ ಹೋಗುವ ರಸ್ತೆ ಪಟಾನ್‌ಚೆರು, ಜಹೀರಾಬಾದ್ ದಾಟಿ ಹುಮನಾಬಾದಿನ ಮೇಲೆ ಸೋಲಾಪುರಕ್ಕೆ ಸಾಗುತ್ತಿತ್ತು. ಆ ದಾರಿಯ ಮೋಟಾರು ಚರಿತ್ರೆಯಲ್ಲಿ ಕನ್ನಡದ ಪಾಲು ಸಣ್ಣದಲ್ಲ.

ಆದರೆ ಹೈದರಾಬಾದಿನ ಮೋಟಾರು ಎಂದೊಡನೆ ಮುಂದೆ ಬರುವುದು ಅರಮನೆ. ಚೌಮಹಲ್ಲಾದಲ್ಲಿ ಇಂದಿಗೂ ನಿಂತಿರುವ 1912ರ ಹಳದಿ ರೋಲ್ಸ್ ರಾಯ್ಸ್ ಎಲ್ಲ ಪುಸ್ತಕಗಳಲ್ಲೂ ಇದೆ. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ತರಿಸಲು ಹೇಳಿದ ಕಾರು ಅದು. ಅದು ತಯಾರಾಗುವ ಮೊದಲೇ, 1911ರಲ್ಲಿ, ಅವರು ತೀರಿಕೊಂಡರು. ಹಿಂಬದಿಯಲ್ಲಿ ಸಿಂಹಾಸನದಂತಹ ಆಸನವಿರುವ ಈ ಮೆರವಣಿಗೆಯ ರಥ ಓಡಿದ್ದು ತೀರ ಕಡಿಮೆ. ಇಂಥ ಕಾರಿನ ಫೋಟೋದಿಂದ ದರ್ಬಾರಿನ ವೈಭವ ತಿಳಿದೀತು, ರಸ್ತೆಯ ಬದುಕು ತಿಳಿಯದು. ನಿಜಾಮರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ 1905ರಲ್ಲೇ ತೀರಿಕೊಂಡಿದ್ದರಿಂದ ಪೆಟ್ರೋಲ್ ಪಂಪಿನ ಯುಗ ಅವರ ಕ್ಯಾಮೆರಾಕ್ಕೆ ಸಿಕ್ಕಲೇ ಇಲ್ಲ.

ಜನಸಾಮಾನ್ಯರ ಮೋಟಾರು ಬಂದದ್ದು ಬಸ್ಸಿನ ರೂಪದಲ್ಲಿ. 1932ರ ಜೂನಿನಲ್ಲಿ ನಿಜಾಮ್ ಸ್ಟೇಟ್ ರೈಲ್ವೆ ತನ್ನ ರಸ್ತೆ ಸಾರಿಗೆ ವಿಭಾಗವನ್ನು 27 ಬಸ್ಸು, 166 ನೌಕರರೊಂದಿಗೆ ಶುರುಮಾಡಿತು. ಆಗಿನ ಆಲ್ಬಿಯನ್ ಬಸ್ಸೊಂದನ್ನು ಹೈದರಾಬಾದಿನ ಬಸ್ ಭವನದಲ್ಲಿ ಕಾಪಾಡಿ ಇಟ್ಟಿದ್ದಾರೆ. 1956ರಲ್ಲಿ ರಾಜ್ಯಗಳು ಹೊಸದಾಗಿ ವಿಂಗಡಣೆಯಾದಾಗ ಕನ್ನಡ ಜಿಲ್ಲೆಗಳ ಸಾರಿಗೆ ಮೈಸೂರು ಸರ್ಕಾರದ ಪಾಲಿಗೆ ಬಂತು. ಒಂದೇ ಡಿಪೋ, ಒಂದೇ ಗೋಡೆ. ಮೇಲಿನ ಬರಹ ಮಾತ್ರ ಬೇರೆ. ಉರ್ದು, ಇಂಗ್ಲಿಷ್ ಎರಡೇ ಇದ್ದ ಬೋರ್ಡಿಗೂ ಕನ್ನಡ ಸೇರಿದ ಬೋರ್ಡಿಗೂ ನಡುವೆ ನಿಜಾಮರ ರಾಜ್ಯವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆ, 1956ರ ವಿಂಗಡಣೆ ಎರಡೂ ಇವೆ.

ಪಂಪನ್ನೇ ಹತ್ತಿರದಿಂದ ನೋಡೋಣ. ಆಳೆತ್ತರಕ್ಕಿಂತ ಎತ್ತರದ ಕಬ್ಬಿಣದ ಕಂಬ, ತುದಿಯಲ್ಲಿ ದಪ್ಪ ಗಾಜಿನ ಕೊಳವೆ, ಪಕ್ಕದಲ್ಲಿ ಉದ್ದನೆಯ ಹಿಡಿ. ಹಿಡಿಯನ್ನು ಹಿಂದೆ ಮುಂದೆ ಎಳೆದರೆ ನೆಲದಡಿಯ ತೊಟ್ಟಿಯಿಂದ ಪೆಟ್ರೋಲ್ ಮೇಲೇರಿ ಗಾಜಿನಲ್ಲಿ ತುಂಬುತ್ತದೆ. ಗಾಜಿನ ಮೇಲೆ ಗ್ಯಾಲನ್ ಗೆರೆಗಳಿವೆ. ಗಿರಾಕಿ ಗೆರೆ ನೋಡಿ ಒಪ್ಪಿದ ಮೇಲೆ ಕವಾಟ ಬಿಟ್ಟರೆ ತನ್ನ ಭಾರಕ್ಕೇ ಇಳಿದು ಕಾರು ಸೇರುತ್ತದೆ. ಅಳತೆ ಕಣ್ಣೆದುರೇ ನಡೆಯುತ್ತಿದ್ದದ್ದು ಆ ಯಂತ್ರದ ದೊಡ್ಡ ಗುಣ. ಅದಕ್ಕೂ ಹಿಂದೆ ಡಬ್ಬಿಯಲ್ಲಿ ಪೆಟ್ರೋಲ್ ಮಾರುತ್ತಿದ್ದರು. ಗ್ಯಾರೇಜಿನ ಮುಂದೆ ಡಬ್ಬಿಗಳ ಸಾಲು ಕಂಡು, ಪಂಪು ಎಲ್ಲೂ ಕಾಣದಿದ್ದರೆ ಫೋಟೋ ಆ ಮೊದಲ ಹಂತದ್ದಿರಬಹುದು. ಬಸ್ಸಿನ ಹಿಂಭಾಗಕ್ಕೆ ಡ್ರಮ್ಮಿನಂತಹ ಒಲೆ ಕಟ್ಟಿದ್ದರೆ ಅನುಮಾನಕ್ಕೆ ಎಡೆ ಇನ್ನೂ ಕಡಿಮೆ: ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡಿದ ಕಾಲ ಅದು.

ದರದ ಫಲಕ ಇದಕ್ಕಿಂತಲೂ ಖಚಿತ. ಆಣೆಯಲ್ಲಿ ಬರೆದಿದ್ದರೆ 1957ರ ಏಪ್ರಿಲ್ 1ರ ಹಿಂದಿನದು, ಅಥವಾ ಹೊಸ ನಾಣ್ಯ ಬಂದ ಆಸುಪಾಸಿನದು. ನಯೇ ಪೈಸೆ ಎಂದಿದ್ದರೆ ಆ ದಿನದ ಈಚಿನದು. 1964ರಲ್ಲಿ ‘ನಯೇ’ ಬಿದ್ದುಹೋಯಿತು. 1960ರ ದಶಕದ ಆರಂಭದಲ್ಲಿ ಗ್ಯಾಲನ್ ಹೋಗಿ ಲೀಟರ್ ಬಂತು. ನಯೇ ಪೈಸೆ, ಗ್ಯಾಲನ್ ಎರಡೂ ಒಂದೇ ಫಲಕದಲ್ಲಿ ಸಿಕ್ಕರೆ ಕಾಲದ ಕಿಂಡಿ ನಾಲ್ಕೈದು ವರ್ಷಕ್ಕೆ ಕಿರಿದಾಗುತ್ತದೆ. ಯಾವ ಕಾರಿನಿಂದಲೂ ಇಷ್ಟು ನಿಖರ ಉತ್ತರ ಸಿಗದು. ಹೈದರಾಬಾದ್ ಸೀಮೆಯಲ್ಲಿ ಇನ್ನೊಂದು ತೊಡಕೂ ಇದೆ. ನಿಜಾಮರ ಹಾಲಿ ಸಿಕ್ಕಾ ಏಳು ರೂಪಾಯಿಗೆ ಬ್ರಿಟಿಷರ ಕಲ್ದಾರ್ ಆರು ರೂಪಾಯಿ. ಹಾಗಾಗಿ 1950ರ ದಶಕದವರೆಗೆ ಇಲ್ಲಿನ ದರವನ್ನು ಸೋಲಾಪುರದ ದರದೊಂದಿಗೆ ಹೋಲಿಸುವಾಗ ಯಾವ ರೂಪಾಯಿ ಎಂದು ಮೊದಲು ಕೇಳಬೇಕು.

ಕಂಪನಿಯ ಹೆಸರುಗಳನ್ನು ಎರಡನೇ ಸಾಕ್ಷಿಯಾಗಿ ಇಟ್ಟುಕೊಳ್ಳಬಹುದು. ಬರ್ಮಾ ಶೆಲ್ 1928ರಲ್ಲಿ ಹುಟ್ಟಿ 1976ರಲ್ಲಿ ಸರ್ಕಾರದ ಕೈಸೇರಿತು, ಭಾರತ್ ಪೆಟ್ರೋಲಿಯಂ ಆಯಿತು. ಎಸ್ಸೋ 1974ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು, ಕ್ಯಾಲ್ಟೆಕ್ಸ್ 1978ರಲ್ಲಿ ಅದರೊಳಗೆ ಸೇರಿತು. ಜನರಲ್ ಮೋಟಾರ್ಸ್ 1928ರಿಂದ ಬೊಂಬಾಯಿಯಲ್ಲಿ ಬಿಡಿಭಾಗ ಜೋಡಿಸಿ ಕಾರು ಮಾರುತ್ತಿತ್ತು. 1950ರ ದಶಕದ ನಡುವಿಗೆ ಅದೂ ಫೋರ್ಡೂ ಗಂಟುಮೂಟೆ ಕಟ್ಟಿದವು. ಜನರಲ್ ಮೋಟಾರ್ಸಿನ ಶೆವ್ರೊಲೆ ಕಾರಿನ ಏಜೆಂಟರ ಹೊಸ ಬಣ್ಣದ ಬೋರ್ಡು ಅದಕ್ಕೂ ಹಿಂದಿನದು. ಬಣ್ಣ ಮಾಸಿದ್ದರೆ ಮಾತ್ರ ಎಚ್ಚರ ಬೇಕು, ಏಕೆಂದರೆ ವ್ಯಾಪಾರ ನಿಂತ ಮೇಲೂ ಬೋರ್ಡನ್ನು ಯಾರೂ ಇಳಿಸುತ್ತಿರಲಿಲ್ಲ.

ಅಮೆರಿಕದಲ್ಲಿ ಡೊರೊಥಿಯಾ ಲ್ಯಾಂಗ್ 1930ರ ದಶಕದಲ್ಲಿ ತೆಗೆದ ಪೆಟ್ರೋಲ್ ಪಂಪಿನ ಚಿತ್ರಗಳು ಸರ್ಕಾರದ ಕೆಲಸವಾಗಿದ್ದರಿಂದ ಇಂದು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಎಲ್ಲರಿಗೂ ಸಿಗುತ್ತವೆ. ನಮ್ಮವು ಬಹುಪಾಲು ಮನೆಯ ಆಲ್ಬಮ್ಮುಗಳಲ್ಲಿವೆ: ಹೊಸ ಲಾರಿಯ ಪೂಜೆ, ವರ್ಕ್‌ಶಾಪಿನ ಆಯುಧಪೂಜೆ, ಬಾನೆಟ್ಟಿನ ಮೇಲೆ ಕೂರಿಸಿದ ಮಗು. ಅವನ್ನು ಮೊಬೈಲಿನಲ್ಲಿ ಹಿಡಿಯುವಾಗ ಮುಖಗಳಷ್ಟನ್ನೇ ಉಳಿಸಿಕೊಂಡು ಅಂಚು ಕತ್ತರಿಸುವುದು ಈಗ ಎಲ್ಲೆಡೆ ನಡೆಯುತ್ತಿದೆ. ದರದ ಫಲಕ ಇರುವುದು ಆ ಅಂಚಿನಲ್ಲೇ. ಬೆನ್ನಿನ ಮೇಲೆ ಸಿಕಂದರಾಬಾದಿನದೋ ಕಲಬುರಗಿಯದೋ ಸ್ಟುಡಿಯೋ ಮೊಹರು ಇರುವ ಸಾಧ್ಯತೆ ಇದೆ. ಆದ್ದರಿಂದ ಫೋಟೋವನ್ನು ಆಲ್ಬಮ್ಮಿನಿಂದ ಬಿಡಿಸಿ, ಎರಡೂ ಮಗ್ಗುಲು ಇಡಿಯಾಗಿ ಸ್ಕ್ಯಾನ್ ಮಾಡಿಸಿ, ಮನೆಯ ಹಿರಿಯರು ನೆನಪಿನಿಂದ ಹೇಳುವ ಊರು, ರಸ್ತೆಯ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಬೇಕು.